ಗೋಪುರದ ಹಾಲು

ಪ್ಯಾರಿಸ್, ಗ್ರೆನೆಲ್
11 ಏಪ್ರಿಲ್ 1932

ಅನ್ನಾಯಿಕ್ ಅಕ್ಕನಿಗೆ,

ಕೆಲಸ ಸಿಕ್ಕಿತು. ಎಲ್ಲಿ ಎಂದು ಹೇಳಿದರೆ ನಗುತ್ತೀಯ. ಐಫೆಲ್ ಗೋಪುರದ ಮೇಲೆ. ಕೆಲವು ವರ್ಷಕ್ಕೊಮ್ಮೆ ಅದಕ್ಕೆ ಬುಡದಿಂದ ತುದಿಯವರೆಗೆ ಬಣ್ಣ ಹೊಡೆಯದಿದ್ದರೆ ತುಕ್ಕು ತಿಂದುಬಿಡುತ್ತದೆ. ಈ ಸಲದ ಬಣ್ಣ ಈಗ ಶುರುವಾಗಿದೆ. ಎಲ್ಲವೂ ಕೈಯಲ್ಲಿ, ಕುಂಚದಲ್ಲಿ.

ಮೇಸ್ತ್ರಿ ಬೊಸಿಯೆ ಎನ್ನುವವರು. ನನ್ನನ್ನು ನೋಡಿದವರೇ ಕೇಳಿದರು.

"ಹಡಗಿನ ಕಂಬ ಹತ್ತಿದೀಯಾ?"

"ಹತ್ತಿದೀನಿ ಸ್ವಾಮಿ."

"ಬಿದ್ದಿದೀಯಾ?"

"ಇಲ್ಲ."

"ಹಾಗಾದ್ರೆ ನಾಳೆ ಬಾ. ನಾಳೆ ಬಿದ್ರೆ ನಾಡಿದ್ದು ಬರೋದು ಬೇಡ."

ಇಷ್ಟೇ ಪರೀಕ್ಷೆ. ಎತ್ತರ ನನಗೆ ಏನೂ ಅನ್ನಿಸಲಿಲ್ಲ. ಹಡಗಿನ ಕಂಬ ಅಲುಗಾಡುತ್ತದೆ, ಇದು ಅಲುಗಾಡುವುದಿಲ್ಲ, ಅಷ್ಟೇ ವ್ಯತ್ಯಾಸ. ಮೊದಲು ಹಳೆಯ ಬಣ್ಣ ಮತ್ತು ತುಕ್ಕನ್ನು ಕೆರೆಯಬೇಕು. ಕೆರೆಯುತ್ತಾ ಹೋದರೆ ಕಂದು ಬಣ್ಣದ ಕೆಳಗೆ ಹಳದಿ, ಅದರ ಕೆಳಗೆ ಕಾವಿ, ಅದರ ಕೆಳಗೆ ಕೆಂಪು. ಒಂದೊಂದು ಪದರವೂ ಒಂದೊಂದು ಕಾಲದ ಕೆಲಸಗಾರರದು. ಆಮೇಲೆ ಬರಿ ಕಬ್ಬಿಣ ಕಂಡಲ್ಲೆಲ್ಲ ಕೆಂಪು ಸೀಸದ ಬಣ್ಣ ಬಳಿಯಬೇಕು. ತುಕ್ಕಿಗೆ ಅದೇ ಮದ್ದು.

ಸೀಸ ಮುಟ್ಟುವವರಿಗೆ ಗುತ್ತಿಗೆದಾರ ದಿನವೂ ಹಾಲು ಕೊಡುತ್ತಾನೆ. ಸೀಸ ಮೈಗೆ ಹತ್ತಿದರೆ ಹೊಟ್ಟೆ ಹಿಂಡುತ್ತದೆ, ಮಣಿಕಟ್ಟು ಸೋತುಹೋಗುತ್ತದೆ. ಹಾಲು ಕುಡಿದರೆ ಅದೆಲ್ಲ ತೊಳೆದು ಹೋಗುತ್ತದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಗಟ್ಟಿ ಹಾಲು. ನಾನು ಒಂದು ಹನಿಯೂ ಕುಡಿಯುವುದಿಲ್ಲ. ಲೆನಾಗೆ ತರುತ್ತೇನೆ. ಅವಳ ಅಮ್ಮ ಮಾರ್ತ್ ತೀರಿಹೋದ ಮೇಲೆ ಆ ಮಗುವಿನ ಕೆನ್ನೆಯಲ್ಲಿ ರಕ್ತವೇ ಇಲ್ಲ, ನೀನೇ ನೋಡಿದ್ದೀಯ.

ತರುವುದಕ್ಕೆ ಪಾತ್ರೆಯೂ ಸಿಕ್ಕಿತು. ಕೆಂಪು ಸೀಸದ ಪುಡಿ ತುಂಬಿ ಬರುವ ಸಣ್ಣ ತಗಡಿನ ಡಬ್ಬಿ. ಮುಚ್ಚಳ ಬಿಗಿ. ಏಣಿ ಇಳಿಯುವಾಗ ಒಂದು ತೊಟ್ಟೂ ಚೆಲ್ಲುವುದಿಲ್ಲ. ಮರಳು ಹಾಕಿ ತಿಕ್ಕಿದೆ, ಬೂದಿ ನೀರಿನಲ್ಲಿ ಕುದಿಸಿದೆ. ಆದರೂ ತಳದ ಅಂಚಿನಲ್ಲಿ ಸ್ವಲ್ಪ ಕೆಂಪು ಉಳಿದಿದೆ. ನನ್ನ ಜೊತೆ ಕೆಲಸ ಮಾಡುವ ಫಿರ್ಮಾಂ ಅದನ್ನು ನೋಡಿ ನಕ್ಕ.

"ಲೋ ಬ್ರೆತಾನ್ ಕರಾವಳಿಯವನೇ, ಅದಕ್ಯಾಕೆ ಅಷ್ಟು ಉಜ್ಜುತೀಯ? ಹಾಲೇ ಸೀಸಕ್ಕೆ ಮದ್ದು. ಮದ್ದು ತುಂಬಿದ ಡಬ್ಬೀಲಿ ವಿಷ ಎಲ್ಲಿ ಉಳಿಯುತ್ತೋ?"

ನಿಜ ಅನ್ನಿಸಿತು. ಹಗಲು ಲೆನಾ ಕೆಳಗಿನ ಮನೆಯ ಮದಾಮ್ ರುಸಾಲ್ ಹತ್ತಿರ ಇರುತ್ತಾಳೆ. ಸಂಜೆ ನನ್ನ ಹೆಜ್ಜೆ ಸದ್ದಿಗೇ "ಹಾಲು ಬಂತು" ಎಂದು ಕೂಗುತ್ತಾಳೆ. ಅಪ್ಪ ಬಂದ ಎಂದಲ್ಲ, ಹಾಲು ಬಂತು ಎಂದು.

ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ,
ಕೊರಾಂತೆನ್


ದುವಾರ್ನೆನೆ
24 ಏಪ್ರಿಲ್ 1932

ತಮ್ಮಾ,

ನಗುತ್ತೇನೆ ಎಂದು ಬರೆದೆಯಲ್ಲ, ನಕ್ಕೆ. ನಮ್ಮ ಅಪ್ಪ ದೀಪಸ್ತಂಭಕ್ಕೆ ಸುಣ್ಣ ಬಳಿಯುವಾಗ ಕೆಳಗೆ ನಿಂತು ಅಳುತ್ತಿದ್ದವನು ನೀನು. ಈಗ ಇಡೀ ಪ್ಯಾರಿಸ್ಸಿನ ತಲೆಯ ಮೇಲೆ ನಿಂತಿದ್ದೀಯ.

ನಿನ್ನ ಪತ್ರವನ್ನು ಕಾರ್ಖಾನೆಯಲ್ಲಿ ಓದಿ ಹೇಳಿದೆ. ಬೂತಾಯಿ ಮೀನಿನ ತಲೆ ಕತ್ತರಿಸುತ್ತಾ ಕೂತಿದ್ದ ಹೆಂಗಸರೆಲ್ಲ ಕತ್ತಿ ಕೆಳಗಿಟ್ಟು ಕೇಳಿದರು. "ಅಲ್ಲಿಂದ ಸಮುದ್ರ ಕಾಣುತ್ತಾ ಕೇಳು" ಎಂದಳು ಒಬ್ಬಳು. "ಸಮುದ್ರ ಬೇಡ್ವೇ, ಒಳ್ಳೇ ಗಂಡು ಕಾಣುತ್ತಾ ಕೇಳು, ಇವನಿಗೂ ಒಂದು ಹೆಣ್ಣು ಬೇಕು" ಎಂದಳು ಇನ್ನೊಬ್ಬಳು. ಯಾರಿಗೆ ಯಾರು ಬೇಕೋ ಅವಳಿಗೇ ಗೊತ್ತಾಗಲಿಲ್ಲ. ಎಲ್ಲರೂ ನಕ್ಕರು.

ಮಗುವಿಗೆ ಹಾಲು ಕೊಡುವುದು ಒಳ್ಳೆಯದು. ಆದರೆ ಸೀಸ ಮುಟ್ಟುವವನು ನೀನು, ನೀನೂ ಕುಡಿ. ಮಗುವಿಗೆ ಅಪ್ಪ ಒಬ್ಬನೇ ಉಳಿದಿರುವುದು.

ಅಕ್ಕ


ಗ್ರೆನೆಲ್
19 ಜೂನ್ 1932

ಅಕ್ಕಾ,

ತಡವಾಗಿ ಬರೆಯುತ್ತಿದ್ದೇನೆ. ಲೆನಾಗೆ ಹುಷಾರಿಲ್ಲ. ಮೊದಲು ಹೊಟ್ಟೆನೋವು ಎಂದಳು. ಮಂಡಿ ಮಡಚಿಕೊಂಡು ಮಂಚದ ಮೂಲೆಯಲ್ಲಿ ಮಲಗುತ್ತಾಳೆ. ತಿಂದದ್ದು ನಿಲ್ಲುವುದಿಲ್ಲ. ಧರ್ಮಾಸ್ಪತ್ರೆಯ ಡಾಕ್ಟರು ಹೊಟ್ಟೆಯಲ್ಲಿ ಹುಳ ಎಂದು ಪುಡಿ ಕೊಟ್ಟರು. ಹುಳ ಬೀಳಲಿಲ್ಲ. ಇನ್ನೊಬ್ಬರು ಗಾಳಿ ಸರಿಯಿಲ್ಲ, ಹಳ್ಳಿಗೆ ಕಳಿಸಿ ಎಂದರು.

ಅವಳು ಮೊದಲಿನ ಹಾಗೆ ಮಾತಾಡುವುದಿಲ್ಲ. ಮದಾಮ್ ರುಸಾಲ್ ಅವರ ಬೆಕ್ಕಿಗೆ ಹೊಡೆದಳಂತೆ. ಲೆನಾ ಬೆಕ್ಕಿಗೆ ಹೊಡೆಯುವ ಮಗುವೇ ಅಲ್ಲ. ಆಕೆ ನನ್ನನ್ನು ಬಾಗಿಲಲ್ಲೇ ತಡೆದು ಹೇಳಿದರು.

"ನೋಡಪ್ಪಾ, ಕೋಪ ಮಾಡ್ಕೋಬೇಡ. ತಾಯಿಲ್ಲದ ಮಗು ಹೀಗೇ ಸೊರಗೋದು. ನಿನ್ನ ಕೈಲಿ ಆಗಲ್ಲ. ನಿಮ್ಮಕ್ಕನ ಹತ್ರ ಬಿಡು."

ಕೋಪ ಬಂತು. ಲೆನಾ ಕುಡಿಯುವುದು ಹಾಲೊಂದನ್ನೇ. ಅದಕ್ಕೂ ಈಗ ಮುಖ ತಿರುಗಿಸುತ್ತಾಳೆ. ಮೂಗು ಹಿಡಿದು ಕುಡಿಸುತ್ತೇನೆ.

ಫಿರ್ಮಾಂನ ನಾದಿನಿ ಮುಂದಿನ ವಾರ ನಿಮ್ಮೂರಿನ ಹತ್ತಿರದ ಕ್ಯಾಂಪೆರಿಗೆ ಬರುತ್ತಿದ್ದಾಳೆ. ಅವಳ ಜೊತೆ ಲೆನಾಳನ್ನು ಕಳಿಸುತ್ತೇನೆ. ನೀನು ಸ್ಟೇಷನ್ನಿಗೆ ಬಾ. ನಾನು ರಜೆ ಕೇಳಿದರೆ ನನ್ನ ಜಾಗಕ್ಕೆ ಬೇರೆಯವನು ಬರುತ್ತಾನೆ. ಕೆಳಗೆ ಜನ ಸಾಲು ನಿಂತಿದ್ದಾರೆ.

ಕೊರಾಂತೆನ್


ದುವಾರ್ನೆನೆ
30 ಜುಲೈ 1932

ತಮ್ಮಾ,

ನಿನ್ನ ಮಗಳು ಇವತ್ತು ಬಂದರಿನಲ್ಲಿ ಒಬ್ಬ ಹುಡುಗನನ್ನು ನೀರಿಗೆ ತಳ್ಳಿದಳು. ನಿನಗೆ ಸಂತೋಷವಾಗಲಿ ಎಂದು ಮೊದಲು ಇದನ್ನೇ ಬರೆದೆ. ಹುಡುಗನಿಗೆ ಏನೂ ಆಗಿಲ್ಲ.

ಬಂದ ದಿನ ಅವಳನ್ನು ನೋಡಿ ನನಗೆ ಭಯವಾಗಿತ್ತು. ನಿನಗೆ ಬರೆಯಲಿಲ್ಲ. ಮೈ ಮೇಣದ ಹಾಗಿತ್ತು. ಬಾಯಿ ತೊಳೆಸುವಾಗ ಹಲ್ಲಿನ ಬುಡದಲ್ಲಿ, ಒಸಡಿನ ಅಂಚಿಗೆ, ನೀಲಿ ಗೆರೆ ಕಂಡೆ. ರೈಲಿನಲ್ಲಿ ಏನೋ ಕಾಡುಹಣ್ಣು ತಿಂದಿದ್ದಾಳೆ ಎಂದುಕೊಂಡು ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಈಗ ಮಾಸುತ್ತಿದೆ. ಮೀನಿನ ಸಾರು, ಕರಿಗೋಧಿ ರೊಟ್ಟಿ, ಬೆಣ್ಣೆ, ಏನು ಕೊಟ್ಟರೂ ತಿನ್ನುತ್ತಾಳೆ. ಹಾಲು ಮಾತ್ರ ಮುಟ್ಟುವುದಿಲ್ಲ. ನಾನು ಬಲವಂತ ಮಾಡಿಲ್ಲ.

ನಿನ್ನ ಭಾವ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು "ಇದೇ ಗೋಪುರ, ಹತ್ತಮ್ಮಾ" ಎನ್ನುತ್ತಾರೆ. "ನಮ್ಮಪ್ಪಂದು ಇದಕ್ಕಿಂತ ದೊಡ್ಡದು, ನೀನು ಬರೀ ಮೂಗು" ಎಂದಳು. ಭಾವನ ಮೂಗು ನಿನಗೆ ಗೊತ್ತಲ್ಲ.

ಚಳಿಗಾಲ ಮುಗಿಯುವವರೆಗೆ ಇಲ್ಲೇ ಇರಲಿ ಬಿಡು. ಕೇಳುತ್ತಿದ್ದೇನೆ, ಹೇಳುತ್ತಿಲ್ಲ.

ಅಕ್ಕ


ಗ್ರೆನೆಲ್
28 ಆಗಸ್ಟ್ 1932

ಅಕ್ಕಾ,

ನಿನ್ನ ಪತ್ರ ಎಷ್ಟು ಸಲ ಓದಿದೆನೋ. ಸಂತೋಷ. ಆದರೆ ಅವಳನ್ನು ಕರೆದುಕೊಂಡು ಬರುತ್ತೇನೆ.

ಬೇಸರ ಮಾಡಿಕೊಳ್ಳಬೇಡ. ಸಂಜೆ ಕೋಣೆಗೆ ಬಂದರೆ ಮಂಚದ ಮೇಲೆ ಅವಳ ಚಿಕ್ಕ ದಿಂಬು ಹಾಗೇ ಇದೆ. ಮಾತಾಡುವವರಿಲ್ಲ. ಫಿರ್ಮಾಂ ಕರೆದರೂ ಮದ್ಯದಂಗಡಿಗೆ ಹೋಗುವುದಿಲ್ಲ, ಹೋದರೆ ವಾಪಸ್ ಬರುವುದಿಲ್ಲ ಎಂದು ನನಗೇ ಭಯ. ಮಾರ್ತ್ ಹೋದಾಗ ನೀವೆಲ್ಲ ಮಗುವನ್ನು ಕೊಡು ಎಂದಿರಿ. ಕೊಡಲಿಲ್ಲ. ಸಾಕಿ ತೋರಿಸುತ್ತೇನೆ ಎಂದೆ. ಈಗ ಸಾಕಲಾರದವನು ಎನ್ನಿಸಿಕೊಳ್ಳಲಾರೆ.

ನಾವು ಈಗ ಎರಡನೆಯ ಅಂತಸ್ತು ದಾಟಿದ್ದೇವೆ. ಬುಡಕ್ಕೆ ಗಾಢ ಬಣ್ಣ, ಮೇಲೆ ಹೋದಂತೆ ತಿಳಿ. ಒಂದೇ ಬಣ್ಣ ಹೊಡೆದರೆ ಆಕಾಶದ ಬೆಳಕಿಗೆ ತುದಿ ಬೇರೆ ಥರ ಕಾಣುತ್ತದಂತೆ. ಬೊಸಿಯೆ ಮೇಸ್ತ್ರಿ ಹೇಳಿದರು, ಇದನ್ನು ಇಪ್ಪತ್ತು ವರ್ಷಕ್ಕೆಂದು ಕಟ್ಟಿ ಆಮೇಲೆ ಬಿಚ್ಚಿಹಾಕಬೇಕು ಎಂದಿದ್ದರಂತೆ. ತಂತಿಯಿಲ್ಲದೆ ಸುದ್ದಿ ಕಳಿಸಲು ಬೇಕಾಯಿತು ಎಂದು ಉಳಿಸಿಕೊಂಡರು. "ಉಳಿಸ್ಕೊಂಡೋರು ಒಬ್ರು, ಉಜ್ಜೋರು ನಾವು" ಎನ್ನುತ್ತಾರೆ ಮೇಸ್ತ್ರಿ.

ಅಲ್ಲಿ ಅವಳು ಹಾಲು ಕುಡಿಯುತ್ತಿಲ್ಲ ಎಂದು ಬರೆದಿದ್ದೀಯ. ಅದು ಒಳ್ಳೆಯದಲ್ಲ. ಇಲ್ಲಿ ಅಭ್ಯಾಸ ಮಾಡಿಸುತ್ತೇನೆ. ಮುಂದಿನ ಭಾನುವಾರ ಬರುತ್ತೇನೆ. ಅವಳ ಬಟ್ಟೆ ಕಟ್ಟಿಡು.

ಕೊರಾಂತೆನ್


ದುವಾರ್ನೆನೆ
9 ಸೆಪ್ಟೆಂಬರ್ 1932

ಕೊರಾಂತೆನ್,

ನೀನು ಒಂದು ತುತ್ತು ತಿನ್ನದೆ ಮಗುವನ್ನು ಎತ್ತಿಕೊಂಡು ಅದೇ ರೈಲಿಗೆ ಹೊರಟೆ. ನಾನೂ ಬಾಯಿಗೆ ಬಂದಂತೆ ಮಾತಾಡಿದೆ. ಅದನ್ನು ಇಲ್ಲಿಗೆ ಬಿಡೋಣ.

ಅವಳ ಇನ್ನೊಂದು ಜೊತೆ ಕಾಲುಚೀಲ ಇಲ್ಲೇ ಉಳಿದಿದೆ. ಕಳಿಸುತ್ತಿದ್ದೇನೆ.

ಅ.


ಗ್ರೆನೆಲ್
16 ಅಕ್ಟೋಬರ್ 1932

ಅಕ್ಕಾ,

ಕಾಲುಚೀಲ ಬಂತು. ಉತ್ತರ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ, ಒಳ್ಳೆಯದಾದರೆ ಬರೆಯೋಣ ಎಂದಿದ್ದೆ.

ಲೆನಾಗೆ ಮತ್ತೆ ಶುರುವಾಗಿದೆ. ಈ ಸಲ ಮೊದಲಿಗಿಂತ ಬೇಗ. ನಡೆಯುವಾಗ ಎಡವುತ್ತಾಳೆ. ನಿನ್ನೆ ಚಮಚ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದಳು, ಬೆರಳು ಹಿಡಿಯಲಿಲ್ಲ. ನನ್ನನ್ನು ನೋಡಿ ನಕ್ಕಳು, ತಾನೇ ಆಟಕ್ಕೆ ಬೀಳಿಸಿದ ಹಾಗೆ.

ನಾನು ಸುಮ್ಮನೆ ಕೂತಿಲ್ಲ ಅಕ್ಕ. ಮಧ್ಯಾಹ್ನದ ಊಟಕ್ಕೆ ಸಿಗುವ ನನ್ನ ಪಾಲಿನ ಮದ್ಯವನ್ನು ಬೇರೆಯವರಿಗೆ ಕೊಟ್ಟು ಅವರ ಹಾಲು ತೆಗೆದುಕೊಳ್ಳುತ್ತಿದ್ದೇನೆ. ಈಗ ಡಬ್ಬಿ ಬಾಯಿವರೆಗೆ ತುಂಬುತ್ತದೆ. ಕೆಲವೊಮ್ಮೆ ಸಂಜೆಯ ಹೊತ್ತಿಗೆ ಸ್ವಲ್ಪ ಹುಳಿಯಾಗಿರುತ್ತದೆ. ಸಕ್ಕರೆ ಹಾಕುತ್ತೇನೆ. ಮೇಸ್ತ್ರಿ ಬೈದರು.

"ಎಲ್ಲಾ ಮಗೂಗೇ ಹೊತ್ಕೊಂಡು ಹೋದ್ರೆ ನಿನ್ನ ಗತಿ ಏನಯ್ಯಾ? ಸೀಸ ನಿನ್ನ ತಿಂದ್ಹಾಕುತ್ತೆ."

"ತಿನ್ನಲಿ ಸ್ವಾಮಿ. ನಾನು ಗಟ್ಟಿಗ, ಜೀರ್ಣ ಆಗೋಕೆ ಅದಕ್ಕೇ ಕಷ್ಟ" ಎಂದೆ. ಎಲ್ಲರೂ ನಕ್ಕರು. ನನ್ನ ಹೊಟ್ಟೆಯೂ ಈಗೀಗ ಹಿಂಡುತ್ತದೆ, ನಿಜ. ಅದನ್ನು ಯಾರಿಗೂ ಹೇಳಿಲ್ಲ.

ನೀನು ಒಂದು ಸಲ ಬರಲು ಆಗುತ್ತದಾ? ಜಗಳ ಮರೆತುಬಿಡು. ಅವಳು ನಿನ್ನ ಹೆಸರು ಹೇಳುತ್ತಾಳೆ. ಭಾವನ ಮೂಗನ್ನೂ ಕೇಳುತ್ತಾಳೆ.

ಕೊರಾಂತೆನ್


ದುವಾರ್ನೆನೆ
8 ನವೆಂಬರ್ 1932

ತಮ್ಮಾ,

ನಿನ್ನೆ ಊರು ಮುಟ್ಟಿದೆ. ರೈಲಿನಲ್ಲಿ ಜಾಗ ಸಿಕ್ಕಿತ್ತು.

ಸ್ಟೇಷನ್ನಿನಲ್ಲಿ ನಿನ್ನನ್ನು ಹಾಗೆ ನಿಲ್ಲಿಸಿ ಬಂದದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಫಿರ್ಮಾಂ ನಿನ್ನ ತೋಳು ಹಿಡಿದುಕೊಂಡಿದ್ದ. ಒಳ್ಳೆಯವನು. ಅವನ ಹೆಂಡತಿ ಲ್ಯುಸೆತ್ ತುಂಬು ಬಸುರಿ, ಆ ಚಳಿಯಲ್ಲಿ ಸ್ಮಶಾನದವರೆಗೂ ನಡೆದು ಬಂದಳು. ಅವರಿಗೆ ಒಂದು ಮಾತೂ ಹೇಳದೆ ಬಂದೆ. ನೀನು ಹೇಳು.

ಲೆನಾಳ ಬಟ್ಟೆಗಳನ್ನು ನಾನು ತಂದಿದ್ದೇನೆ. ನೀನು ಕೇಳಿದಾಗ ಕಳಿಸುತ್ತೇನೆ. ಕೇಳದಿದ್ದರೆ ಇಲ್ಲೇ ಇರುತ್ತವೆ.

ಬಿಸಿಯಾದದ್ದು ಏನಾದರೂ ತಿನ್ನು.

ಅಕ್ಕ


ದುವಾರ್ನೆನೆ
20 ನವೆಂಬರ್ 1932

ತಮ್ಮಾ,

ನಿನ್ನ ಉತ್ತರ ಬರಲಿಲ್ಲ. ಬರೆಯಬೇಕಾಗಿಲ್ಲ. ನಾನು ಬರೆಯುತ್ತಿರುತ್ತೇನೆ.

ಇಲ್ಲಿ ಮೀನು ಕಡಿಮೆ. ಕಾರ್ಖಾನೆಯಲ್ಲಿ ಕೈಗೆ ಗಾಯವಾಗಿ ಡಾಕ್ಟರ್ ಕೆರ್ಬ್ರಾ ಹತ್ತಿರ ಹೋಗಿದ್ದೆ. ಲೆನಾ ವಿಷಯ ಮಾತಿಗೆ ಬಂತು. ಅವರು ಏನೇನೋ ಕೇಳಿದರು, ನಾನು ಹೇಳಿದೆ. ಈಗ ಅದನ್ನೆಲ್ಲ ಬರೆಯುವುದು ಬೇಡ.

ಆ ಕೆಲಸ ಬಿಟ್ಟು ಬಾ. ಭಾವನ ದೋಣಿಯಲ್ಲಿ ಒಬ್ಬನಿಗೆ ಜಾಗವಿದೆ. ಬರುವವರೆಗೆ ಊಟಕ್ಕೆ ಮುಂಚೆ ಕೈ ಚೆನ್ನಾಗಿ ತೊಳೆದುಕೋ, ಕೆಲಸದ ಬಟ್ಟೆಯಲ್ಲಿ ಮಲಗಬೇಡ. ಇದನ್ನು ಯಾಕೆ ಹೇಳುತ್ತಿದ್ದಾಳೆ ಎಂದು ಕೇಳಬೇಡ, ಅಕ್ಕ ಹೇಳುತ್ತಿದ್ದಾಳೆ ಎಂದು ಮಾಡು.

ಅಕ್ಕ


ಗ್ರೆನೆಲ್
11 ಡಿಸೆಂಬರ್ 1932

ಅಕ್ಕಾ,

ಎರಡೂ ಪತ್ರ ಬಂದಿವೆ. ಪೆನ್ನು ಹಿಡಿದರೆ ಏನೂ ತೋಚುತ್ತಿರಲಿಲ್ಲ.

ಬರುವುದಿಲ್ಲ. ಈಗಲೇ ಬೇಡ. ತುದಿಯ ಕೆಲಸ ಬಾಕಿಯಿದೆ. ಮೇಲೆ ಗಾಳಿ ಜೋರು, ಮಾತಾಡಿದರೂ ಯಾರಿಗೂ ಕೇಳುವುದಿಲ್ಲ, ಯಾರೂ ಮಾತಾಡಿಸುವುದಿಲ್ಲ. ನನಗೆ ಅದೇ ಬೇಕು.

ಒಂದು ಸಂಗತಿ ನಿನಗೆ ಮಾತ್ರ ಹೇಳುತ್ತೇನೆ. ಜನ ಏನೆಂದುಕೊಂಡರೂ, ನಾನು ಅವಳಿಗೆ ಕಡಿಮೆ ಮಾಡಲಿಲ್ಲ. ಮದಾಮ್ ರುಸಾಲ್ ನನ್ನ ಕಡೆ ನೋಡುವ ರೀತಿ ನನಗೆ ಗೊತ್ತಾಗುತ್ತದೆ. ಆದರೆ ನನ್ನ ಬಾಯಿಗೆ ಬರಬೇಕಾಗಿದ್ದ ಹಾಲನ್ನು ಒಂದು ದಿನವೂ ಬಿಡದೆ ಅವಳಿಗೆ ಕುಡಿಸಿದೆ. ಬೆಳಗ್ಗೆ ಏಳುವಾಗ ಇದನ್ನು ನೆನೆಸಿಕೊಂಡೇ ಏಳುತ್ತೇನೆ. ಇದೊಂದು ಇಲ್ಲದಿದ್ದರೆ ಆ ಎತ್ತರದಲ್ಲಿ ಹಗ್ಗ ಹಿಡಿದುಕೊಳ್ಳಬೇಕು ಎಂದೂ ನನಗೆ ಅನ್ನಿಸುತ್ತಿರಲಿಲ್ಲ.

ಹಾಲನ್ನು ಈಗಲೂ ನಾನು ಕುಡಿಯುವುದಿಲ್ಲ. ಲ್ಯುಸೆತ್‌ಗೆ ಹೋದ ತಿಂಗಳು ಗಂಡುಮಗು ಆಯಿತು. ಅವಳಿಗೆ ಎದೆಹಾಲು ಸಾಲುತ್ತಿಲ್ಲ. ಈ ವಾರದಿಂದ ಡಬ್ಬಿಯನ್ನು ಅಲ್ಲಿಗೆ ಒಯ್ಯುತ್ತಿದ್ದೇನೆ. ಫಿರ್ಮಾಂನೂ ತನ್ನ ಪಾಲನ್ನು ಅದಕ್ಕೇ ಸುರಿಯುತ್ತಾನೆ. ನೀರು ಬೆರೆಸಿ, ಕಾಸಿ, ಬಾಟಲಿಯಲ್ಲಿ ಕೊಡುತ್ತಾಳೆ. "ನೀನೇ ಇವನಿಗೆ ಧರ್ಮದ ಅಪ್ಪ ಆಗಬೇಕು, ಹೆಸರಿಡೋಕೆ ಚರ್ಚಿಗೆ ನೀನೇ ಎತ್ಕೊಂಡು ಬರಬೇಕು" ಎಂದಳು. ನಾನು ಹೂಂ ಎಂದೆ.

ಅದು ಕುಡಿಯುವುದನ್ನು ನೋಡುತ್ತಾ ಸ್ವಲ್ಪ ಹೊತ್ತು ಕೂತು ಬರುತ್ತೇನೆ.

ಕೊರಾಂತೆನ್


ದುವಾರ್ನೆನೆ
13 ಡಿಸೆಂಬರ್ 1932

ಕೊರಾಂತೆನ್,

ಇದನ್ನು ಓದಿದ ಕೂಡಲೇ ಫಿರ್ಮಾಂ ಮನೆಗೆ ಹೋಗು. ಆ ಮಗುವಿಗೆ ಆ ಹಾಲು ಕೊಡಬೇಡಿ. ಡಬ್ಬಿಯನ್ನು ಬಿಸಾಡು. ಮಗುವನ್ನು ದೊಡ್ಡಾಸ್ಪತ್ರೆಗೆ ಒಯ್ದು ಸೀಸ ಎಂದು ಹೇಳಿ. ಹುಳ ಎಂದರೆ, ಗಾಳಿ ಎಂದರೆ ಒಪ್ಪಬೇಡಿ. ಸೀಸ ಎನ್ನಿ.

ಮೊದಲು ಹೋಗಿ ಬಾ. ಉಳಿದದ್ದನ್ನು ಆಮೇಲೆ ಓದು.

ತಂತಿ ಕಚೇರಿ ಮುಚ್ಚಿದೆ, ಅದಕ್ಕೇ ಈ ಕಾಗದವನ್ನು ರಾತ್ರಿ ರೈಲಿಗೆ ಹಾಕುತ್ತಿದ್ದೇನೆ. ಹಾಲು ಸೀಸವನ್ನು ತೊಳೆಯುವುದಿಲ್ಲವಂತೆ. ಡಬ್ಬಿಯ ಗೋಡೆಯಲ್ಲಿ ಉಳಿದಿದ್ದ ಸೀಸ ಹಾಲಿನಲ್ಲಿ ಇಳಿಯುತ್ತದಂತೆ. ಹುಳಿಯಾದರೆ ಇನ್ನೂ ಹೆಚ್ಚು. ದೊಡ್ಡವರು ತಡೆಯುತ್ತಾರೆ, ಮಕ್ಕಳು ತಡೆಯುವುದಿಲ್ಲ. ನಾನು ಒಸಡಿನ ನೀಲಿ ಗೆರೆಯ ವಿಷಯ ಹೇಳಿದ ತಕ್ಷಣ ಡಾಕ್ಟರ್ ಕೆರ್ಬ್ರಾ ಕೈ ತೊಳೆಯುತ್ತಿದ್ದವರು ಹಾಗೇ ನಿಂತರು. "ಮಗು ಏನು ಕುಡೀತಿತ್ತಮ್ಮಾ? ಯಾವುದರಲ್ಲಿ ಕುಡೀತಿತ್ತು?" ಎಂದು ಕೇಳಿದರು.

ನಿನಗೆ ಗೊತ್ತಿರಲಿಲ್ಲ. ಫಿರ್ಮಾಂಗೆ ಗೊತ್ತಿರಲಿಲ್ಲ, ನಿಮ್ಮ ಮೇಸ್ತ್ರಿಗೆ ಗೊತ್ತಿರಲಿಲ್ಲ. ಆ ಗೆರೆಯನ್ನು ಕಣ್ಣಾರೆ ಕಂಡ ನಾನು ಬಟ್ಟೆಯಿಂದ ಒರೆಸಿದೆ.

ಹಗ್ಗ ಹಿಡಿದುಕೋ. ನನ್ನ ಮೇಲೆ ಆಣೆ. ಹಗ್ಗ ಹಿಡಿದುಕೋ.

ಅಕ್ಕ


ಗ್ರೆನೆಲ್
22 ಜನವರಿ 1933

ಅಕ್ಕಾ,

ನೀನು ಕಳಿಸಿದ ತಂತಿಗಳೆಲ್ಲ ಬಂದವು. ಬದುಕಿದ್ದೇನೆ.

ಆ ದಿನ ಹೋದೆ. ಲ್ಯುಸೆತ್ ಬಾಟಲಿ ಹಿಡಿದು ಕೂತಿದ್ದಳು. ಕೈಯಿಂದ ಕಿತ್ತುಕೊಂಡೆ. ಅವಳು ಹೆದರಿ ಕೂಗಿದಳು, ಫಿರ್ಮಾಂ ಒಳಗಿನಿಂದ ಓಡಿ ಬಂದ.

"ಏನೋ ಹುಚ್ಚು ಹಿಡೀತಾ ನಿನಗೆ?"

"ಈ ಹಾಲು ಬೇಡ. ಇದರಲ್ಲಿ ಸೀಸ ಇದೆ."

"ಹಾಲಲ್ಲಿ ಎಲ್ಲಿಂದ ಸೀಸ ಬರುತ್ತೋ? ಯಾರು ಹೇಳಿದ್ದು?"

"ಲೆನಾ ಇದರಿಂದಲೇ ಹೋಗಿದ್ದು" ಎಂದೆ.

ಅವನು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬರಿ ಅಂಗಿಯಲ್ಲಿ ಬೀದಿಗೆ ಓಡಿದ. ಮಗು ಉಳಿಯಿತು. ಬೇಗ ತಂದಿರಿ, ಕುಡಿದದ್ದು ಕೆಲವೇ ದಿನ ಎಂದರಂತೆ. ಲ್ಯುಸೆತ್ ಈಗ ನನಗೆ ಬಾಗಿಲು ತೆಗೆಯುವುದಿಲ್ಲ. ಮಗುವನ್ನು ಚರ್ಚಿಗೆ ಬೇರೆ ಯಾರೋ ಎತ್ತಿಕೊಂಡು ಹೋದರು. ಅವಳದು ತಪ್ಪಲ್ಲ.

ಹಾಲು ಹಂಚುವಾಗ ಎಲ್ಲರಿಗೂ ಹೇಳಿದೆ. ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದರು. "ಬಾಯಿ ಮುಚ್ಕೊಂಡಿರಯ್ಯಾ. ಹಾಲಿಂದ ಏನೂ ಉಪಯೋಗ ಇಲ್ಲ ಅಂತ ಗೊತ್ತಾದ್ರೆ ಇವರು ಸೀಸ ಮುಟ್ತಾರಾ?" ಎಂದರು. ಕೆಲಸದವರು ಇನ್ನೂ ಕೋಪಗೊಂಡರು. "ನಿನ್ನಿಂದ ಇರೋ ಹಾಲೂ ನಿಲ್ಲಿಸ್ತಾರೆ ನೋಡು" ಎಂದು ಒಬ್ಬ ಎದೆಗೆ ಕೈಯಿಟ್ಟು ತಳ್ಳಿದ. ಅವನ ಚೀಲದಲ್ಲೂ ಅಂಥದೇ ಡಬ್ಬಿ ಇತ್ತು. ಅವನಿಗೂ ಮಕ್ಕಳಿದ್ದಾರೆ. ಸುಮ್ಮನೆ ಹೇಳಿದರೆ ಯಾರೂ ನಂಬುವುದಿಲ್ಲ. ನನ್ನ ಮಗಳು, ಲೆನಾ, ನಾಲ್ಕು ವರ್ಷ, ನನ್ನ ಕೈಯಾರೆ ಕುಡಿಸಿದೆ ಎಂದು ಹೇಳಬೇಕು. ಆಗ ಡಬ್ಬಿ ಕೆಳಗಿಡುತ್ತಾರೆ. ಪ್ರತಿ ವಾರ ಹೊಸಬರು ಬರುತ್ತಾರೆ. ಪ್ರತಿ ವಾರ ಮೊದಲಿನಿಂದ ಹೇಳಬೇಕು. ಕೆಲಸ ಮುಗಿಯುವವರೆಗೆ ನಾನು ಇಲ್ಲಿಂದ ಅಲುಗಾಡುವ ಹಾಗಿಲ್ಲ. ಭಾವನಿಗೆ ದೋಣಿಯ ಜಾಗ ಬೇರೆಯವನಿಗೆ ಕೊಡಲು ಹೇಳು.

ಒಂದು ಮಾತು ಕೇಳಬೇಕು. ಡಾಕ್ಟರು ನಿನಗೆ ಹೇಳಿದ್ದು ನವೆಂಬರಿನಲ್ಲಿ. ನೀನು ನನಗೆ ಬರೆದದ್ದು ಡಿಸೆಂಬರಿನಲ್ಲಿ. ಲ್ಯುಸೆತ್‌ಳ ಮಗು ಇಲ್ಲದಿದ್ದರೆ ನನಗೆ ಹೇಳುತ್ತಿದ್ದೆಯಾ?

ಕೊರಾಂತೆನ್


ದುವಾರ್ನೆನೆ
26 ಜನವರಿ 1933

ಕೊರಾಂತೆನ್,

ಹೇಳುತ್ತಿರಲಿಲ್ಲ. ಕೈ ತೊಳೆದುಕೋ, ಬಟ್ಟೆ ಬದಲಿಸು ಎಂದು ಬರೆಯುತ್ತಲೇ ಇರುತ್ತಿದ್ದೆ. ಹೇಗಾದರೂ ಅಲ್ಲಿಂದ ಇಳಿಸಿ ಕರೆಸಿಕೊಳ್ಳುತ್ತಿದ್ದೆ. ನೀನು ಮುದುಕನಾಗಿ, ಮಗಳಿಗೆ ಹಾಲು ಕುಡಿಸಿ ಸಾಕಿದೆ ಎಂದುಕೊಂಡೇ ಕಣ್ಣು ಮುಚ್ಚುವವರೆಗೆ ನಾನು ಬದುಕಿರುತ್ತಿದ್ದೆ.

ನಿನ್ನ ಅಕ್ಕ